ಅಮ್ಮನ ಗಾಡಿಯಲ್ಲಿ ಒಯ್ಯುಪೊಟ್ಟಣ

ನವೆಂಬರ್ 13, ಗುರುವಾರ

ನಾಳೆ ಪಟ್ಟಿ ಒಪ್ಪಿಸಬೇಕು. ಇಂಗ್ಲಿಷ್ ಪದಗಳಿಗೆ ಕನ್ನಡ ಹುಡುಕೋ ನಮ್ಮ ಸರ್ಕಾರಿ ಸಮಿತೀಲಿ ಒಂದು ನಿಯಮ ಇದೆ. ಹೊಸ ಪದವನ್ನ ಯಾರಾದರೂ ಆಡಿದ್ದು ಕಿವಿಯಾರೆ ಕೇಳಿ, ಯಾರು, ಎಲ್ಲಿ ಅಂತ ಬರೀಬೇಕು. ‘ಪಾರ್ಸಲ್’ಗೆ ನಾನು ಕಟ್ಟಿದ ‘ಒಯ್ಯುಪೊಟ್ಟಣ’ ಆರು ತಿಂಗಳಾದರೂ ಒಬ್ಬರ ಬಾಯಲ್ಲೂ ಬಂದಿಲ್ಲ.

ನಿನ್ನೆ ಊಟಕ್ಕೆ ಕೂತಾಗ ಅಮ್ಮನ ಹತ್ತಿರ ಗೊಣಗಿದ್ದೆ, ಅಷ್ಟೇ. ಇವತ್ತು ಬೆಳಿಗ್ಗೆ ಜೋಗುಪಾಳ್ಯದಲ್ಲಿ ಅವಳ ಇಡ್ಲಿ ಗಾಡಿ ಹತ್ತಿರ ಹೋದರೆ, ಬಂದವರನ್ನೆಲ್ಲ ಕೇಳ್ತಿದ್ದಾಳೆ: “ಇಲ್ಲೇ ತಿಂತೀರಾ, ಒಯ್ಯುಪೊಟ್ಟಣನಾ?” ಜನ ಕಣ್ಣು ಕಣ್ಣು ಬಿಟ್ಟರು. ಒಬ್ಬರು ಅದ್ಯಾವುದೋ ಹೊಸ ತಿಂಡಿ ಅಂದ್ಕೊಂಡು ಎರಡು ಕೊಡಿ ಅಂದರು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

ಆಮೇಲೆ ಗಾರೆ ಕೆಲಸದ ಅಮರಪ್ಪ ಬಂದ, ರಾಯಚೂರು ಕಡೆಯವನು. “ನಾಕು ಇಡ್ಲಿ ಕಟ್ಟಿ ಕೊಡ್ರಿ ಯವ್ವಾ” ಅಂದ. ಅಮ್ಮ ಕಟ್ಟಿ ಕೊಟ್ಟಳು. ಅವರಿಬ್ಬರಿಗೂ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ನಾನು ಮಾತ್ರ ಚಟ್ನಿ ಸೌಟು ಹಿಡ್ಕೊಂಡು ನಿಂತೇ ಇದ್ದೆ. ಆರು ತಿಂಗಳು ಹುಡುಕಿದ್ದು ಇದನ್ನೇ ಅಲ್ವಾ.

ಈಗ ಪಟ್ಟೀಲಿ ನನ್ನ ಪದ ಹೊಡೆದುಹಾಕಿ ‘ಕಟ್ಟಿ ಕೊಡಿ’ ಅಂತ ಬರೆದೆ. ಆಡಿದವರು: ಅಮರಪ್ಪ, ಜೋಗುಪಾಳ್ಯ. ಅಷ್ಟರಲ್ಲಿ ನಾಳೆಯ ಹಿಟ್ಟು ರುಬ್ಬುತ್ತಿದ್ದ ಅಮ್ಮ ಒಳಗಿನಿಂದಲೇ ಕೇಳಿದಳು: “ನಲವತ್ತು ಸಲ ಅಂದಿದ್ದೀನಿ ಕಣೇ, ನನ್ನ ಹೆಸರು ಬರ್ಕೊಂಡ್ಯಾ?”

ಬರ್ಕೊಂಡೆ ಅಂದೆ. ಆ ಮಾತು ಸುಳ್ಳಾಗಬಾರದು. ಅದಕ್ಕೆ ಪಟ್ಟೀಲಿ ಅಲ್ಲದಿದ್ದರೂ ಇಲ್ಲಿ, ನನ್ನ ದಿನಚರೀಲಿ ಬರೀತಿದ್ದೀನಿ.

ಒಯ್ಯುಪೊಟ್ಟಣ. ಆಡಿದವರು: ಪಿಳ್ಳಮ್ಮ, ಜೋಗುಪಾಳ್ಯ.