ಸೊಸೆಯ ಬಾಯಲ್ಲಿ ಇಪ್ಪತ್ತಮೂರು ಸಲ

ಜೂನ್ 3, ಸೋಮವಾರ. ಬೆಳಿಗ್ಗೆ 11

ನಮ್ಮ ಕಾರ್ಟೂನಿಗೆ ಮೂರನೇ ಸೀಸನ್ ಸಿಕ್ಕಿತು, ಅದರಲ್ಲಿ ಸೊಸೆ ಬರುತ್ತಾಳೆ, ಆ ಸೊಸೆಯನ್ನು ಬರೆಯುವವನು ನಾನು!!! ಇಪ್ಪತ್ತಾರು ಎಪಿಸೋಡು! ಒಳಗೆ ಎಲ್ಲರೂ ಗೋಡೆಗೆ ಸ್ಟೋರಿಬೋರ್ಡ್ ಅಂಟಿಸುತ್ತಿದ್ದಾರೆ. ಟೇಪ್ ತರುತ್ತೇನೆಂದು ಹೊರಗೆ ಬಂದವನು ಮೆಟ್ಟಿಲ ಮೇಲೆ ಕೂತು ಇದನ್ನು ಗೀಚುತ್ತಿದ್ದೇನೆ. ಟೀ ಆರಿಹೋಯಿತು. ಹೋಗಲಿ.

ನಮ್ಮ ಕಾರ್ಟೂನ್ ಮನೆಯಲ್ಲಿ, ಅಂದರೆ ‘ಮನೆ ನಂಬರ್ ಆರೂವರೆ’ಯಲ್ಲಿ, ಚಾನೆಲ್ಲಿನವರು ಎಲ್ಲವನ್ನೂ ಬದಲಿಸಿದ್ದಾರೆ. ಮಾತಾಡುವ ಫ್ರಿಜ್ಜು ಇನ್ನು ಮೇಲೆ ಮೂಗ. ತಾತ ಮೇಲಿನ ಮನೆಗೆ ಶಿಫ್ಟು. ದೊಡ್ಡ ಮಗನಿಗೆ ಮದುವೆ. “ಹೊಸ ಸೊಸೆ ಹೇಗೆ ಮಾತಾಡ್ತಾಳೆ ಅಂತ ಇಲ್ಲಿ ಯಾರಿಗ್ರೀ ಗೊತ್ತು?” ಎಂದು ಚಾನೆಲ್ ಮೇಡಂ ಕೇಳಿದರು. ಡೈರೆಕ್ಟರ್ ನನ್ನ ಭುಜ ಹಿಡಿದು ಮುಂದೆ ತಳ್ಳಿದರು. “ಇವನಿಗೆ. ಇನ್ನೂ ಪ್ಯಾಕಿಂಗ್ ಬಿಚ್ಚದ ಗಂಡ. ಮದುವೆಯಾಗಿ ಹತ್ತೊಂಬತ್ತು ದಿನ.” ಎಲ್ಲರೂ ಮೇಜು ಬಡಿದರು. ಕಿವಿ ಬಿಸಿಯಾಯಿತು. ಖುಷಿಯೂ ಆಯಿತು, ಸುಳ್ಳೇಕೆ.

ಹತ್ತೊಂಬತ್ತರಲ್ಲಿ ಒಟ್ಟಿಗೆ ಇದ್ದದ್ದು ಒಂಬತ್ತೇ ದಿನ ಅನ್ನುವುದನ್ನು ಅವರಿಗೆ ಹೇಳಲಿಲ್ಲ. ಅವಳು ತನ್ನೂರಿನ ಕಣ್ಣಾಸ್ಪತ್ರೆಯಲ್ಲಿ ನೋಟಿಸ್ ಪೀರಿಯಡ್ ಮುಗಿಸುತ್ತಿದ್ದಾಳೆ. ಆಗಸ್ಟ್ ಹತ್ತಕ್ಕೆ ಕೊನೆ. ಆಮೇಲೆ ಇಲ್ಲಿಗೆ, ನನ್ನ ಎರಡು ರೂಮಿಗೆ. ನನ್ನ ಹೆಂಡತಿ. (ಬರೆದು ನೋಡಿದೆ. ಚೆನ್ನಾಗಿ ಕಾಣುತ್ತದೆ. ಇನ್ನೊಂದು ಸಲ — ನನ್ನ ಹೆಂಡತಿ.)

ಜೂನ್ 5, ಬುಧವಾರ. ಸಂಜೆ

ಅವಳ ಫೋನು. ನಲವತ್ತು ನಿಮಿಷ! ದನಿ ಸ್ವಲ್ಪ ಇಳಿದಿತ್ತು.

“ಬೇಜಾರಾ?”

“ಹಾಗಂತ ಏನಿಲ್ಲ.”

“ಸುಸ್ತಾ?”

“ಹಾಗಂತ ಏನಿಲ್ಲ.”

“ನನ್ನ ಮೇಲೆ ಕೋಪಾನಾ?”

“ಹಾಗಂತ ಏನಿಲ್ಲಪ್ಪಾ...”

ಎಷ್ಟು ಮುದ್ದಾಗಿ ಅನ್ನುತ್ತಾಳೆ! ‘ಹಾ’ ಉದ್ದ ಎಳೆದು, ಕೊನೆಯ ‘ಲ್ಲ’ವನ್ನು ಅರ್ಧ ನುಂಗಿ. ಒಂದೇ ಕಾಲ್‌ನಲ್ಲಿ ಏಳು ಸಲ. ಎಣಿಸಿದೆ. ಫೋನ್ ಇಟ್ಟ ತಕ್ಷಣ ಹಳದಿ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದೆ. ಸೊಸೆ ಸಿಕ್ಕಿದಳು.

ಜೂನ್ 12, ಬುಧವಾರ

ಮೊದಲ ನಾಲ್ಕು ಎಪಿಸೋಡಿನ ರೆಕಾರ್ಡಿಂಗ್. ಅತ್ತೆಗೂ ಸೊಸೆಗೂ ಒಂದೇ ಗಂಟಲು. ಮೂರು ವರ್ಷದಿಂದ ಅತ್ತೆಯ ಪಾತ್ರಕ್ಕೆ ದನಿ ಕೊಡುವವರೇ ಸೊಸೆಗೂ ಕೊಡುತ್ತಾರೆ. ಸ್ಟುಡಿಯೋದಲ್ಲಿ ಅವರನ್ನು ಎಲ್ಲರೂ ಕರೆಯುವುದೇ ‘ಅತ್ತೆ’ ಎಂದು. ನಾನು ನನ್ನ ಹೆಂಡತಿಯ ಹಾಗೆಯೇ ಎಳೆದು ಹೇಳಿ ತೋರಿಸಿದೆ. ಎರಡನೇ ಟೇಕಿಗೇ ಹಿಡಿದುಬಿಟ್ಟರು. ಗಾಜಿನ ಈಚೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೊರಗೆ ಬಂದ ಅತ್ತೆ ಕೇಳಿದರು. “ಈ ಮಾತು ಯಾರದಯ್ಯಾ?”

“ನಂದೇ ಅತ್ತೆ.”

“ಹೋಗಯ್ಯಾ. ಗಂಡಸರಿಗೆ ಏನಾದ್ರೂ ಆದ್ರೆ ಇಡೀ ಬೀದಿಗೆ ಗೊತ್ತಾಗತ್ತೆ. ‘ಏನಿಲ್ಲ’ ಅನ್ನೋದು ಹೆಂಗಸರು.”

ನಕ್ಕೆ. ಅವಳಿಗೆ ಹೇಳಿಲ್ಲ. ಸರ್‌ಪ್ರೈಸ್!

ಜೂನ್ 27, ಗುರುವಾರ

ಸುಸ್ತು. ಇಪ್ಪತ್ತೆರಡು ನಿಮಿಷದ ಎಪಿಸೋಡು ಹನ್ನೊಂದು ನಿಮಿಷ ಆಗಬೇಕಂತೆ. ತಾತ ವಾಪಸ್ ಕೆಳಗೆ. ಇಪ್ಪತ್ತನೆಯ ಎಪಿಸೋಡಿನ ಹೊತ್ತಿಗೆ ಸೊಸೆಗೆ ಮಗು ಬೇಕಂತೆ. “ಒಂಬತ್ತು ತಿಂಗಳಾದ್ರೂ ಬೇಡವಾ ಮೇಡಂ?” ಎಂದು ಡೈರೆಕ್ಟರ್ ಕೇಳಿದರೆ, “ಕಾರ್ಟೂನ್ ಅಲ್ವಾ ಸರ್?” ಎಂದರು. ಹನ್ನೊಂದನೆಯ ಎಪಿಸೋಡನ್ನು ಆರು ಸಲ ಬರೆದೆ. ಆರನೆಯ ಸಲ ಬರೆದದ್ದು ಮೊದಲ ಸಲದ್ದರ ಹಾಗೆಯೇ ಇದೆ, ಅದೇ ಪಾಸಾಯಿತು.

ಬಾಯಿ ಚಿತ್ರಿಸುವವರು ನಮ್ಮ ತುಟಿ ಮಾಸ್ಟರ್. ಅವರಿಗೆ ಮಾತ್ರ ಖುಷಿ. ಪ, ಬ, ಮ ಬಂದಾಗಲೆಲ್ಲ ಪಾತ್ರದ ತುಟಿ ಮುಚ್ಚಿಸಬೇಕು, ಅದೇ ಅವರ ತಲೆನೋವು. ‘ಹಾಗಂತ ಏನಿಲ್ಲ’ದಲ್ಲಿ ತುಟಿ ಒಮ್ಮೆಯೂ ಸೇರುವುದಿಲ್ಲ. “ಒಂದು ಸಲ ಬರ್ದು ಎಲ್ಲಾ ಕಡೆ ಅಂಟಿಸಿದೆ ಗುರೂ. ನೀನು ದೇವರು.” ನಾಲ್ಕು ಎಪಿಸೋಡು ಸೇರಿ ಇಪ್ಪತ್ತಮೂರು ಕಡೆ.

ಅವಳ ಎರಡು ಕಾಲ್ ಮಿಸ್ ಆಯಿತು. ನಾಳೆ ಮಾಡಬೇಕು.

ಜುಲೈ 19, ಶುಕ್ರವಾರ. ಮಧ್ಯಾಹ್ನ

ಪ್ರೋಮೋ ಬಂತು. ಮೂವತ್ತು ಸೆಕೆಂಡಿನಲ್ಲಿ ಸೊಸೆ ನಾಲ್ಕು ಸಲ ಅದನ್ನೇ ಅನ್ನುತ್ತಾಳೆ. ಲಿಫ್ಟ್ ರಿಪೇರಿಗೆ ಬಂದವರನ್ನು “ಸರಿ ಹೋಯ್ತಾ?” ಎಂದು ಕೇಳಿದರೆ “ಹಾಗಂತ ಏನಿಲ್ಲಾ!” ಅನ್ನುತ್ತಾರೆ. ಹಿಟ್!

ಅವಳಿಗೆ ಲಿಂಕ್ ಕಳಿಸಿದೆ. ಮೂರು ಹಾರ್ಟ್ ಹಾಕಿ, ‘ಯಾರು ಅಂತ ಹೇಳು ನೋಡೋಣ’ ಅಂದೆ. ನೀಲಿ ಟಿಕ್ ಬಂತು. ಉತ್ತರ ಬಂದಿಲ್ಲ. ಪೇಷೆಂಟ್ ಇರಬೇಕು.

ಜುಲೈ 21, ಭಾನುವಾರ

ಈಗ ಫೋನ್ ಮಾಡಿದ್ದಳು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

“ನಿನ್ನೆ ಒಂದು ಪುಟ್ಟ ಹುಡುಗಿ ಬಂದಿದ್ಲು. ಪವರ್ ಚೆಕ್ ಮಾಡ್ತಿದ್ದೆ. ‘ಈಗ ಚೆನ್ನಾಗ್ ಕಾಣ್ತಿದ್ಯಾ ಪುಟ್ಟಿ?’ ಅಂದೆ. ‘ಹಾಗಂತ ಏನಿಲ್ಲಾ’ ಅಂದ್ಲು. ಅವರಮ್ಮ ನಕ್ಕಿದ್ದೇ ನಕ್ಕಿದ್ದು. ನಮ್ಮ ರಿಸೆಪ್ಷನ್ನೂ ನಕ್ತು.”

“ನೋಡಿದ್ಯಾ! ಅಲ್ಲಿವರೆಗೂ ಬಂದಿದೆ!”

“ಖುಷಿನಾ ನಿಮಗೆ?” ಎಂದಳು. ಆಗಲಾದರೂ ನನಗೆ ಗೊತ್ತಾಗಬೇಕಿತ್ತು.

“ಕಾರ್ಟೂನ್ ಅಲ್ವಾ... ತಮಾಷೆಗೆ...” ಎಂದೆ.

“ನಮ್ಮಮ್ಮ ‘ಯಾಕೆ ಸಪ್ಪಗಿದೀಯ’ ಅಂತ ಕೇಳಿದ್ರೆ ನಂಗೆ ಅನ್ನಕ್ಕೆ ಒಂದು ಮಾತಿತ್ತು. ಈಗ ಅದೂ ಇಲ್ಲ. ಬಾಯಿ ಬಿಟ್ರೆ ಟೀವಿ ಥರ ಕೇಳ್ಸತ್ತೆ. ನಂಗೇ ಹಾಗ್ ಕೇಳ್ಸತ್ತೆ.”

“ಸಾರಿ ಕಣೇ. ನಂಗೆ...”

“ಅಷ್ಟು ಸಲ ಅಂದೆ. ಎಲ್ಲಾನೂ ಬರ್ಕೊಂಡ್ರಿ. ಯಾಕಂತ ಕೇಳಿಲ್ಲ.”

ಇಟ್ಟುಬಿಟ್ಟಳು.

ಆಮೇಲೆ ನಾನು ಮಾಡಿದ್ದನ್ನೂ ಬರೆಯಲೇಬೇಕು. ಯಾರೂ ಓದುವುದಿಲ್ಲವಲ್ಲ. ಫೋನ್ ಇಟ್ಟು ಒಂದು ನಿಮಿಷವೂ ಆಗಿರಲಿಲ್ಲ. ಬಾಯಿ ತನ್ನಷ್ಟಕ್ಕೆ ಹೇಳಿಕೊಳ್ಳತೊಡಗಿತು. ಹಾ-ಗಂ-ತ-ಏ-ನಿ-ಲ್ಲ. ಯಾ-ಕಂ-ತ-ಕೇ-ಳಿ-ಲ್ಲ. ಆರಕ್ಕೆ ಆರು. ತುಟಿ ಎಲ್ಲೂ ಸೇರುವುದಿಲ್ಲ. ದವಡೆ ಅದೇ ಜಾಗದಲ್ಲಿ ಇಳಿಯುತ್ತದೆ. ಪೆನ್ನು ಕೈಯಲ್ಲಿತ್ತು, ಹಳದಿ ಚೀಟಿ ಎಳೆದುಕೊಂಡು ‘ಯಾಕಂ’ ತನಕ ಬರೆದೂಬಿಟ್ಟಿದ್ದೆ.

ಹರಿದೆ. ಕೈ ತೊಳೆದುಕೊಂಡು ಬಂದೆ. ಯಾಕೆ ತೊಳೆದೆನೋ.

ಜುಲೈ 24, ಬುಧವಾರ

ಮೂರು ದಿನದಿಂದ ಅವಳು ಫೋನ್ ಎತ್ತುತ್ತಿಲ್ಲ. ‘ಡ್ಯೂಟಿ’ ಅಂತ ಒಂದು ಮೆಸೇಜು, ಅಷ್ಟೇ.

ಡೈರೆಕ್ಟರ್ ಹತ್ತಿರ ಹೋಗಿ ಆ ಮಾತು ತೆಗೆಯಬೇಕು ಎಂದೆ. ಕನ್ನಡಕ ತೆಗೆದು ನನ್ನನ್ನು ನೋಡಿದರು. “ಆ ಒಂದು ಮಾತಿನ ಮೇಲೆ ಸೀಸನ್ ನಿಂತಿದೆ ಮಾರಾಯಾ. ಯಾಕೆ?”

“ನನ್ನ ಹೆಂಡತೀದು ಅದು. ಕೇಳದೆ ತಗೊಂಡೆ.”

“ಒಂದು ಸೀರೆ ಕೊಡ್ಸು, ಸರಿಹೋಗತ್ತೆ.”

ಅತ್ತೆ ಅಲ್ಲೇ ಕೂತಿದ್ದರು. “ನಿಮ್ಮನೇಲಿ ಸೀರೆ ಕೊಡ್ಸಿ ಸರಿಹೋಗಿದ್ದು ಒಂದ್ ಹೇಳಿ ನೋಡೋಣ” ಎಂದರು. ಡೈರೆಕ್ಟರ್ ಕನ್ನಡಕ ಹಾಕಿಕೊಂಡರು.

ಕೊನೆಗೆ ಚಾನೆಲ್ ಮೇಡಂ ಒಪ್ಪಿದ್ದು ಹೀಗೆ. ಆಗಸ್ಟ್ ಐದರೊಳಗೆ ಆಗಬೇಕು. ಬಾಯಿ ಮತ್ತೆ ಬರೆಸುವ ಹಾಗಿಲ್ಲ, ಅದೇ ಬಾಯಿಗೆ ಹೊಂದುವ ಬೇರೆ ಮಾತು ತರಬೇಕು. ಮಧ್ಯಾಹ್ನವಿಡೀ ಎಲ್ಲರೂ ಹುಡುಕಿದರು. ‘ರಾಗಂತ ತಾಳಿಲ್ಲ.’ ‘ಜಾಣಂತ ಹೇಳಿಲ್ಲ.’ ‘ಹಾರಕ್ಕೆ ಏಣಿಲ್ಲ.’ ತುಟಿ ಮಾಸ್ಟರ್ ಪ್ರತಿಯೊಂದಕ್ಕೂ ಕನ್ನಡಿ ಮುಂದೆ ನಿಂತು ಬಾಯಿ ಆಡಿಸಿದರು. ಒಂದಕ್ಕೂ ನಗು ಬರಲಿಲ್ಲ. “ನಿನ್ನ ಹತ್ರ ಇನ್ನೊಂದಿದೆ ಕಣೋ, ಮುಖದಲ್ಲೇ ಕಾಣತ್ತೆ” ಎಂದರು ಡೈರೆಕ್ಟರ್.

“ಇಲ್ಲ ಸರ್” ಎಂದೆ. ಆರಕ್ಕೆ ಆರು ಹೊಂದುವ ಮಾತು ನಾಲಿಗೆಯ ಮೇಲೆ ಕೂತಿತ್ತು.

ಜುಲೈ 26, ಶುಕ್ರವಾರ

ದಾರಿ ಸಿಕ್ಕಿತು. ತುಟಿ ಮಾಸ್ಟರ್ ಕೊಟ್ಟದ್ದು. “ಬಾಯಿ ಕಾಣದಿದ್ರೆ ಯಾವ್ ಮಾತಾದ್ರೇನು? ಸೊಸೆ ಕೈಗೊಂದು ಟವೆಲ್ ಕೊಡಿ, ಮುಖ ಒರೆಸ್ಕೊಳ್ಳಲಿ.” ಒಂದು ಟವೆಲ್ ಬರೆದುಕೊಟ್ಟಿದ್ದಾರೆ. ಇಪ್ಪತ್ತಮೂರು ಕಡೆ ಕೂರಿಸುವುದು ನನ್ನ ಕೆಲಸ. ಟವೆಲ್ಲಿನ ಹಿಂದೆ ಸೊಸೆ ಏನು ಬೇಕಾದರೂ ಅನ್ನಬಹುದು, ಎಷ್ಟು ಉದ್ದ ಬೇಕಾದರೂ. ಪ, ಬ, ಮ ಎಲ್ಲ ಬರಬಹುದು. ಅತ್ತೆ ಬಂದು ಮತ್ತೆ ದನಿ ಕೊಡುತ್ತಾರೆ.

ಪುಟ ತೆರೆದೆ. ಸೀನ್ ಮೂರು. ಮಾವ ಕೇಳುತ್ತಾರೆ — ಯಾಕಮ್ಮಾ ಬೇಜಾರು? ಸೊಸೆ (ಟವೆಲ್ಲಿನಲ್ಲಿ) —

ಏನು ಬರೆಯಲಿ? ಗೊತ್ತೇ ಇಲ್ಲ ನನಗೆ. ಇಪ್ಪತ್ತಮೂರರಲ್ಲಿ ಒಂದೂ ಗೊತ್ತಿಲ್ಲ.

ಜುಲೈ 28, ಭಾನುವಾರ. ಸಂಜೆ

ಎತ್ತಿದಳು. ಡೈರಿ, ಪೆನ್ನು, ಲ್ಯಾಪ್‌ಟಾಪ್ ಎಲ್ಲ ಒಳಗಿನ ರೂಮಿನಲ್ಲಿಟ್ಟು ಬಾಲ್ಕನಿಗೆ ಹೋಗಿ ಮಾತಾಡಿದೆ. ಯಾಕೆ ಎಂದು ಕೇಳಿದೆ. ಜೂನ್ ಐದನೇ ತಾರೀಕು ಯಾಕೆ?

“ಈಗ ಕೇಳ್ತಿದೀರಾ?”

“ಈಗ.”

“ಸ್ಕ್ರಿಪ್ಟಿಗಾ?”

“ಅಲ್ಲ.”

ಹೇಳಿದಳು. ಅವತ್ತು ಆಸ್ಪತ್ರೆಯ ದೊಡ್ಡ ಡಾಕ್ಟರು ಕರೆದು ಹೊಸ ಬ್ರಾಂಚನ್ನು ನೀನೇ ನೋಡಿಕೊ ಎಂದರಂತೆ. ಆರು ವರ್ಷದಿಂದ ಕಾದಿದ್ದ ಮಾತು. ಮದುವೆಯಾಗಿದೆ, ಹೊರಡುತ್ತೇನೆ ಎಂದಳಂತೆ. ಹೇಳಿ ಬಂದು ನನಗೆ ಫೋನ್ ಮಾಡಿದ್ದಳು. ನಾನು ಎಣಿಸುತ್ತಿದ್ದೆ.

ಉಳಿದದ್ದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವಳದು.

ಡಾಕ್ಟರು ಇನ್ನೂ ಬೇರೆಯವರನ್ನು ನೋಡಿಲ್ಲವಂತೆ. ಆಗಸ್ಟ್ ಎಂಟರವರೆಗೆ ಯೋಚಿಸು ಎಂದಿದ್ದಾರೆ.

“ನಾನು ಬರ್ಬೇಕಾ ಅಂತಾನೇ ಯೋಚಿಸ್ತಿದೀನಿ” ಎಂದಳು. ಕೋಪ ಇರಲಿಲ್ಲ. ಸುಸ್ತಾದ ದನಿ.

“ನಾನೇ ಅಲ್ಲಿಗೆ ಬರ್ಲಾ?”

“ಡೈಲಾಗಾ ಇದು?”

“ಅಲ್ಲ ಕಣೇ. ಫ್ರಿಜ್ಜು ಮಾತಾಡ್ಬೇಕೋ ಬೇಡ್ವೋ ಅಂತ ಬರೆಯೋ ಕೆಲಸ. ಎಲ್ಲಿ ಕೂತಾದ್ರೂ ಬರೀಬಹುದು.”

ನಗಲಿಲ್ಲ. “ಸರಿ, ಇಡ್ತೀನಿ” ಎಂದಳು.

ಆಗಸ್ಟ್ 4, ಭಾನುವಾರ

ಇಪ್ಪತ್ತಮೂರು ಟವೆಲ್ಲು ಮುಗಿಯಿತು. ಇನ್ನೂ ಚಿತ್ರವಾಗದ ಏಳು ಎಪಿಸೋಡಿನಿಂದಲೂ ಆ ಮಾತು ಹೊಡೆದುಹಾಕಿದೆ. ಕಣ್ಣು ಉರಿಯುತ್ತಿದೆ. ಟವೆಲ್ಲಿನ ಹಿಂದೆ ಏನೂ ಬರೆಯಲಿಲ್ಲ. ಮಾವ ಕೇಳುತ್ತಾರೆ, ಸೊಸೆ ಮುಖ ಒರೆಸಿಕೊಳ್ಳುತ್ತಾಳೆ, ಮಾವ ಅಲ್ಲೇ ಕಾಯುತ್ತಾರೆ. ನೋಡಿದವರಲ್ಲಿ ಅತ್ತೆ ಒಬ್ಬರೇ ನಕ್ಕರು. ಚಾನೆಲ್ ಮೇಡಂ ‘ಓಕೆ’ ಎಂದರು, ನಿಟ್ಟುಸಿರಿನ ಓಕೆ. ಹನ್ನೆರಡನೆಯದರಿಂದ ಸೊಸೆಯನ್ನು ಬೇರೆಯವರು ಬರೆಯುತ್ತಾರಂತೆ. ನನಗೆ ತಾತ, ಫ್ರಿಜ್ಜು. ಅದು ಮತ್ತೆ ಮಾತಾಡುತ್ತದಂತೆ.

ನಡೆದುಕೊಂಡೇ ಮನೆಗೆ ಬಂದೆ. ಬಾಗಿಲ ಹಿಂದೆ ಅವಳಿಗೆಂದು ಖಾಲಿ ಮಾಡಿಟ್ಟ ಕಪಾಟಿನ ಅರ್ಧ ಹಾಗೇ ಇದೆ. ನನ್ನ ಶರ್ಟು ಆ ಕಡೆ ಜಾರಿತ್ತು, ಈಚೆ ತಳ್ಳಿದೆ.

ಆಗಸ್ಟ್ 8, ಗುರುವಾರ. ಮಧ್ಯಾಹ್ನ 3

ಫೋನ್ ಮಾಡಿದಳು. ಅವಳಾಗಿಯೇ!

“ಬ್ರಾಂಚಿಗೆ ಹೂಂ ಅಂದೆ. ಸೆಪ್ಟೆಂಬರ್ ಎರಡಕ್ಕೆ ಶುರು.”

“ಒಳ್ಳೇದಾಯ್ತು” ಎಂದೆ. ನಿಜವಾಗಿ ಅಂದೆ. ಕಪಾಟಿನ ಖಾಲಿ ಅರ್ಧ ನೆನಪಾಯಿತು, ಅದೂ ನಿಜ.

“ಪೂರ್ತಿ ಕೇಳಿ. ಮಧ್ಯೆ ಮೂರು ವಾರ ರಜ ಇದೆ. ಬರ್ತೀನಿ. ರಿಟರ್ನ್ ಟಿಕೆಟ್ ಮಾಡ್ಸೇ ಬರ್ತೀನಿ, ಮೊದಲೇ ಹೇಳ್ತಿದೀನಿ. ವಾಪಸ್ ಹೋಗೋದು ಒಬ್ಬಳಾ ಇಬ್ಬರಾ ಅಂತ ಬಂದ್ಮೇಲೆ ಕೂತು ಮಾತಾಡೋಣ. ನೀವು ಬರೋದು ನಿಜಾನಾ ಅಂತ ನಿಮ್ಮ ಮುಖ ನೋಡಿ ಕೇಳ್ಬೇಕು. ಬರ್ಕೋಬೇಡಿ ಮತ್ತೆ.”

“ಟ್ರೈನಾದ್ರೂ ಬರ್ಕೋಬಹುದಾ?”

“ಟ್ರೈನ್ ಬರ್ಕೊಳ್ಳಿ.”

ಹನ್ನೊಂದನೇ ತಾರೀಕು, ಭಾನುವಾರ. ಬೆಳಿಗ್ಗೆ ಏಳೂ ನಲವತ್ತರ ಇಂಟರ್‌ಸಿಟಿ, ಡಿ-ಮೂರನೇ ಬೋಗಿ, ಕಿಟಕಿ —