ಒಳಗೊಬ್ಬರು ಕೂರಬೇಕು

ನಾಗಸಂದ್ರ
೧೭ ಆಗಸ್ಟ್ ೨೦೦೯

ಚಿ. ವೇಣಿಗೆ ಅಪ್ಪನ ಆಶೀರ್ವಾದ. ಅದರಲ್ಲಿ ಅರ್ಧ ಪಾಲು ನಿನ್ನ ಮಗಳಿಗೆ ಕೊಡು.

ನಾಲ್ಕು ಸಾಲು ಬರೆಯುತ್ತೇನೆಂದು ಹೇಳಿ ಇಷ್ಟು ದಿನ ಎಳೆದೆ, ಬೇಸರ ಮಾಡಿಕೊಳ್ಳಬೇಡ. ದಿನಾ ಫೋನು ಮಾಡುವ ಮಾವ ಕಾಗದ ಯಾಕೆ ಬರೆದರು ಎಂದು ಅಂಜನ್ ನಗಬಹುದು. ಇದು ಫೋನಿನ ಸುದ್ದಿಯಲ್ಲ. ನಾನು ಶುರು ಮಾಡುವಷ್ಟರಲ್ಲಿ ನೀನು ಊಟವಾಯಿತೇ ಎಂದು ಕೇಳಿ ಮಾತು ತಿರುಗಿಸುತ್ತೀ.

ಗೌರಿ ಹಬ್ಬಕ್ಕೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆಂದಾಗ, "ಆ ಸೋರೋ ಕಾರಲ್ಲಿ ಮಗೂನ ಕೂರಿಸಲ್ಲಪ್ಪ" ಎಂದೆ. ತಪ್ಪೇನಿಲ್ಲ. ಮಳೆಯಲ್ಲಿ ಆನೇಕಲ್ಲಿನಿಂದ ಇಲ್ಲಿಗೆ ಬರುವಷ್ಟರಲ್ಲಿ ನಮ್ಮ ಮಾರುತಿಯೊಳಗೆ ತೆಪ್ಪೋತ್ಸವ ನಡೆಸಬಹುದು. ಆದರೆ ನಿನ್ನ ಅಮ್ಮ ಹೋದಮೇಲೆ ಈ ಮನೆಗೆ ಇದೇ ಮೊದಲ ಗೌರಿ. ಬಾಗಿನ ತೆಗೆದುಕೊಳ್ಳಲು ಮಗಳೇ ಬರದಿದ್ದರೆ ಗೌರಿಯಾದರೂ ಯಾವ ಮುಖ ಹೊತ್ತು ಬಂದಾಳು?

ಆದ್ದರಿಂದ ತುಮಕೂರು ರಸ್ತೆಯ ಗಾಜಿನಂಗಡಿಗೆ ಹೋದೆ. ಅಂಗಡಿಯ ಮಲಕಪ್ಪ ವಿಜಾಪುರದ ಕಡೆಯವನು. ಮುಂದಿನ ಗಾಜಿನ ಸುತ್ತಲಿನ ರಬ್ಬರನ್ನು ಉಗುರಿನಿಂದ ಎಬ್ಬಿಸಿ, ಇದು ಹಪ್ಪಳವಾಗಿದೆ, ಗಾಜು ತೆಗೆದು ಹೊಸ ರಬ್ಬರು ಕೂರಿಸಬೇಕು ಎಂದ. ಪೀಣ್ಯದಲ್ಲಿ ನಮ್ಮ ಕಾರ್ಖಾನೆ ಈಗ ಅರ್ಧ ವಾರ ಓಡುತ್ತದೆ, ಇನ್ನರ್ಧ ನಿದ್ದೆ ಮಾಡುತ್ತದೆ; ಸಂಬಳವೂ ಅದರ ಪಕ್ಕದಲ್ಲೇ ಮಲಗಿದೆ. "ಹೊಸ ರಬ್ಬರಿಗೆ ಕಾಸಿಲ್ಲ, ಹಳೆ ರಬ್ಬರಿಗೆ ಲೇಸಿಲ್ಲ" ಎಂದು ನನ್ನದೊಂದು ಪ್ರಾಸ ಹೇಳಿದೆ. ಅವನು ನಗಲಿಲ್ಲ. ಕಪ್ಪು ಅಂಟಿನ ಒಂದು ಟ್ಯೂಬ್ ಕೊಟ್ಟು, "ನೀವ ಹಚ್ಕೋರಿ ಸರ. ಆದ್ರ ಒಬ್ಬರ ಕೈಲೆ ಆಗೂದಿಲ್ಲ. ಒಳಗೊಬ್ಬರು ಕುಂದರಬೇಕು" ಎಂದ.

ಅದು ನನಗೆ ಗೊತ್ತಿದ್ದ ಮಾತೇ. ಹಿಂದೆ ಒಮ್ಮೆ ಸೋರಿದಾಗ ನಾನೂ ನಿನ್ನ ಅಮ್ಮನೂ ಹಾಗೆಯೇ ಮಾಡಿದ್ದೆವು. ನಾನು ಹೊರಗೆ ನಿಂತು ಗಾಜಿನ ಕೆಳಗಂಚಿನಿಂದ ಶುರುಮಾಡಿ ಮೇಲಂಚಿನವರೆಗೆ ಒಂದೊಂದೇ ಚೊಂಬು ನೀರು ಸುರಿಯುವುದು, ಅವಳು ಕಿಟಕಿ ಏರಿಸಿಕೊಂಡು ಒಳಗೆ ಕೂತು ಹನಿ ಇಳಿದ ಕಡೆ ಗಾಜನ್ನು ಬಳೆಯಿಂದ ತಟ್ಟುವುದು. ನಾನು ಪ್ರಾಸ ಕಟ್ಟಿದರೆ ಹನಿ ಇಲ್ಲದಿದ್ದರೂ ಬಿರುಸಾಗಿ ತಟ್ಟುತ್ತಿದ್ದಳು: ಸಾಕು ಮಾಡಿ ಎಂದು.

ನಿನ್ನೆಯದಲ್ಲ, ಅದರ ಹಿಂದಿನ ಭಾನುವಾರ ಮಧ್ಯಾಹ್ನ ಒಳ್ಳೆಯ ಬಿಸಿಲಿತ್ತು. ಒಬ್ಬನೇ ಸುರಿದು, ಒಬ್ಬನೇ ಒಳಗೆ ಹೋಗಿ ನೋಡೋಣವೆಂದು ಹೊರಟೆ. ಬಾಗಿಲಿಗೆ ಬೀಗ ಹಾಕಿತ್ತು, ಕೀಲಿ ನನ್ನ ಜೇಬಿನಲ್ಲಿತ್ತು. ಮೂರನೆಯ ಚೊಂಬಿಗೆ ಗಾಜಿನೊಳಗಿಂದ ಟಿಣ್ ಎಂದಿತು. ಬಿಸಿಗಾಜಿಗೆ ತಣ್ಣೀರು ಬಿದ್ದು ಬಿರುಕು ಬಿಟ್ಟಿತೇನೋ ಎಂದುಕೊಂಡೆ. ಬಿರುಕಿರಲಿಲ್ಲ. ಬಾಗಿಲು ತೆಗೆದು ನೋಡಿದರೆ ಸದ್ದಾದ ಕಡೆಯೇ ಹನಿ ಇಳಿಯುತ್ತಿತ್ತು. ಒರೆಸಿ, ಒಣಗಿಸಿ, ರಬ್ಬರಿನ ತುಟಿ ಎತ್ತಿ ಅಂಟು ತುಂಬಿದೆ. ಮತ್ತೆ ಬೀಗ ಹಾಕಿ ಸುರಿದೆ. ಬೇರೆ ಕಡೆ ಟಿಣ್. ಅಲ್ಲೂ ಹನಿ.

ಧೈರ್ಯ ಪರೀಕ್ಷಿಸಲು ಮೆಲ್ಲಗೆ, "ನೀರಿನ ದಾರಿ ಬಲ್ಲವಳೇ, ನೀರೆ ನೀನೆಲ್ಲಿರುವೆಯೇ" ಎಂದೆ. ಒಳಗಿನಿಂದ ಬಿರುಸಾಗಿ ತಟ್ಟುವ ಸದ್ದು.

ಮನೆ ಮಾಲೀಕರಾದ ಚಿಕ್ಕಮುನಿಯಪ್ಪನವರು ಜಗಲಿಯಲ್ಲಿ ಕೂತಿದ್ದವರು ಎದ್ದು ಬಂದರು. "ಅದೇನ್ ಸ್ವಾಮಿ ಇಂಗೆ? ಒಳಗೆ ಎಣ್ಮಗಳು ತಟ್ತಾ ಅವ್ಳೆ, ನೀವು ನೀರ್ ಉಯ್ಕೊಂಡು ನಿಂತಿದ್ದೀರಲ್ಲ. ಬಾಗ್ಲು ತೆಗೀರಿ, ಸೆಕೆ ಆಯ್ತದೆ" ಎಂದರು. ಆಮೇಲೆ ಕಿಟಕಿಗೆ ಕೈ ಅಡ್ಡ ಹಿಡಿದು ಒಳಗೆ ಬಗ್ಗಿ ನೋಡಿದರು. ಎರಡು ಹೆಜ್ಜೆ ಹಿಂದೆ ಸರಿದು ಬಿರಬಿರನೆ ಮನೆಯೊಳಗೆ ಹೋದರು. ಅಂದಿನಿಂದ ಬಾಡಿಗೆ ಕೇಳಲೂ ಈ ಕಡೆ ಬಂದಿಲ್ಲ. ಲಾಭವೇ ಅನ್ನು.

ಮುಂದಿನದನ್ನು ಕೇಳು. ಚೊಂಬು ಕೆಳಗಿಟ್ಟು ಕೈ ಒರೆಸಿಕೊಳ್ಳುತ್ತಿದ್ದಾಗ ಹಿಂದಿನ ಎಡಬಾಗಿಲ ಗಾಜು ಸದ್ದು ಮಾಡಿತು. ಆ ಕಿಟಕಿ ಎಂದೂ ಸೋರಿದ್ದಲ್ಲ. ನೀರು ಸುರಿದು ನೋಡಿದೆ, ಒಂದು ಹನಿಯೂ ಇಳಿಯಲಿಲ್ಲ. ಸುಮ್ಮನಾದೆ. ಮಂಗಳವಾರ ಸಂಜೆ ಜೋರು ಮಳೆ ಹುಯ್ಯಿತು. ಬೆಳಿಗ್ಗೆ ನೋಡಿದರೆ ಹಿಂದಿನ ಸೀಟು ಅದೊಂದೇ ಕಡೆ ತೊಯ್ದಿತ್ತು. ನೀನು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂರುವ ಜಾಗ. ಅದನ್ನೂ ಮುಚ್ಚಿದೆ. ಆಮೇಲೆ ಎರಡು ಮಳೆ ಬಂತು. ಹಿಂದಿನ ಸೀಟು ಹುರಿದ ಅವಲಕ್ಕಿಯ ಹಾಗೆ ಗರಿಗರಿಯಾಗಿದೆ.

ಆದ್ದರಿಂದ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಬರುತ್ತೇನೆ, ಇಲ್ಲವೆನ್ನಬೇಡ. ನಿನ್ನ ಸೋದರತ್ತೆ ಬೈರಮ್ಮ ಅಷ್ಟರಲ್ಲಿ ಬಂದಿರುತ್ತಾಳೆ. ಮಗುವಿಗೆ ನೀರು ಹಾಕುವುದು ಅವಳ ಪಾಲು, ಪ್ರಾಸ ಹಾಕುವುದು ನನ್ನ ಪಾಲು. ಅಂಜನ್‌ಗೂ ನಿನ್ನ ಅತ್ತೆ ಮಾವನವರಿಗೂ ನಮಸ್ಕಾರ ಹೇಳು. ಮಗುವಿನ ನೆತ್ತಿಗೆ ಎಣ್ಣೆ ಒತ್ತುವಾಗ ಅಜ್ಜನ ಹೆಸರಲ್ಲಿ ಒಂದು ತೊಟ್ಟು ಹೆಚ್ಚು ಹಾಕು. ನೂರು ವರ್ಷ ಬೆಚ್ಚಗಿರಲಿ.

ನಿನ್ನ
ಅಪ್ಪ

ತಾ.ಕ.: ಎಲ್ಲ ಮುಚ್ಚಿದೆ ಎಂದು ತಿಳಿಯಬೇಡ. ಮುಂದಿನ ಗಾಜಿನ ಎಡ ಮೇಲ್ಮೂಲೆಯಲ್ಲಿ, ನಿನ್ನ ಅಮ್ಮ ಕೂರುತ್ತಿದ್ದ ಕಡೆ, ಒಂದು ಕಡಲೆಕಾಳಿನಷ್ಟು ಜಾಗ ಬಿಟ್ಟಿದ್ದೇನೆ. ಟ್ಯೂಬಿನಲ್ಲಿ ಇನ್ನೂ ಅಂಟು ಇದೆ. ಎರಡು ಸಲ ಹಚ್ಚಲು ಹೋಗಿ ಕೈ ಹಿಂದೆಗೆದೆ. ಅದನ್ನೂ ಮುಚ್ಚಿಬಿಟ್ಟರೆ ಒಳಗೆ ಕೂತಿರಲು ಅವಳಿಗೆ ಕೆಲಸವೇ ಇರುವುದಿಲ್ಲ. ನೀನು ಮಗುವಿನ ಜೊತೆ ಹಿಂದೆಯೇ ಕೂತುಕೊ. ಮುಂದಿನ ಸೀಟು ಒದ್ದೆಯಿರುತ್ತದೆ.