ಅಟ್ಟದಿಂದ ಇಳಿದ ವಾಕರ್

ಅಕ್ಕಾ,

ಅಟ್ಟದಿಂದ ಅಜ್ಜನ ವಾಕರ್ ಇಳಿಸಿಕೊಂಡು ಆಸ್ಪತ್ರೆಗೆ ಹೊರಟಿದ್ದೇನೆ. ನಿನ್ನನ್ನು ಕೇಳದೆ ಮುಟ್ಟಿದೆ, ಬೈಗುಳ ಸಂಜೆಗಿರಲಿ. ಅದಕ್ಕೆ ನೀನು ಸುತ್ತಿಟ್ಟಿದ್ದ ಅಜ್ಜನ ಶಾಲನ್ನು ಮಡಿಸಿ ನಿನ್ನ ದಿಂಬಿನ ಮೇಲಿಟ್ಟಿದ್ದೇನೆ. ಧೂಳು ನಾನೇ ಬಂದು ಗುಡಿಸುತ್ತೇನೆ, ನೀನು ಏಣಿ ಹತ್ತಬೇಡ. ಹಾಲು ಕಾಯಿಸಿದೆ.

ನನ್ನ ಗೆಳತಿ ಟೈಲರಮ್ಮ ಇವತ್ತು ಎದ್ದು ನಡೆದರೆ ಮನೆಗೆ ಕಳಿಸುತ್ತಾರೆ. ಇಲ್ಲದಿದ್ದರೆ ಇನ್ನೊಂದು ವಾರದ ಬಿಲ್ಲು. ಮೊನ್ನೆ ಅವಳ ಕಾಲಿಗೆ ಪಟ್ಟಿ ಕಟ್ಟುವಾಗ ಹೊಸ ಕತ್ತರಿಯ ಪ್ಯಾಕೆಟ್ ಒಡೆದು, ಒಂದೇ ಸಲ ಕತ್ತರಿಸಿ, ಸೀದಾ ಕಸದ ಬುಟ್ಟಿಗೆ ಎಸೆದರು. ಆಪರೇಷನ್ನಿನ ನೋವಿಗೆ ತುಟಿ ಬಿಚ್ಚದವಳು ಅದನ್ನು ಕಂಡು ಅತ್ತೇಬಿಟ್ಟಳು. ನಿನ್ನೆ ಹೊಸ ವಾಕರ್ ತಂದರು. ಹಿಂದಿನ ರೋಗಿಗಳು ಬಿಟ್ಟುಹೋದ ಐದು ವಾಕರ್ ವರಾಂಡದಲ್ಲಿ ತೆಪ್ಪಗೆ ನಿಂತಿವೆ, ಆದರೂ ಪ್ರತಿಯೊಬ್ಬರಿಗೂ ಹೊಸದೇ ಆಗಬೇಕಂತೆ.

"ಬಿಲ್ಲಿಗೆ ಸೇರಿಸ್ತೀವಿ, ಆಮೇಲೆ ಇದು ನಿಮ್ದೇ," ಎಂದರು ಸಿಸ್ಟರ್, ಪ್ಲಾಸ್ಟಿಕ್ ಹರಿಯಲು ಹೊರಟು.

ಟೈಲರಮ್ಮ ನನ್ನ ಮುಖವನ್ನೂ ನೋಡದೆ ಹೇಳಿದಳು: "ಹರೀಬೇಡಿ ಸಿಸ್ಟರ್. ನಾಳೆ ಇವಳ ಅಜ್ಜಂದು ಬರುತ್ತೆ. ಅಲ್ಲೀವರೆಗೂ ನೀವು ಚಿನ್ನದ್ದೇ ತಂದ್ರೂ ನಾನು ಮಂಚ ಇಳಿಯಲ್ಲ."